ಹೊಸ ಸಾದಾ ಗಾಡಿಯೋ, ಹಳೆಯ ದೊಡ್ಡ ಗಾಡಿಯೋ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಸಾಂಗಲಿ ಮಿರಜ ಸುತ್ತಿನ ಶಾಖೆಗಳಲ್ಲೇ ದುಡಿದು ನಿವೃತ್ತನಾದವನು. ಇಂಜಿನ್ ಬಿಚ್ಚಿ ಜೋಡಿಸುವ ವಿದ್ಯೆ ನನಗೆ ಬಾರದು. ಆದರೆ ವಾಹನ ಸಾಲದ ಖಾತೆಗಳನ್ನು ವರ್ಷಾನುಗಟ್ಟಲೆ ಬರೆದಿದ್ದೇನೆ. ಯಾರ ಕಂತು ತಪ್ಪದೆ ಬರುತ್ತಿತ್ತು, ಯಾರದು ಮೂರನೆಯ ವರ್ಷಕ್ಕೆ ನಿಂತುಹೋಗುತ್ತಿತ್ತು ಎಂಬುದನ್ನು ಕಂಡಿದ್ದೇನೆ. ಇಂದಿನ ಮಾತು ಆ ಅನುಭವದಿಂದ ಬಂದದ್ದು.

2025ರ ದೀಪಾವಳಿಗೆ ಜತ್ತ ತಾಲೂಕಿನಿಂದ ನಮ್ಮ ಅಕ್ಕನ ಮಗ ಮನೆಗೆ ಬಂದ. ದ್ರಾಕ್ಷಿ ತೋಟದವನು. ಆ ವರ್ಷ ಬೇದಾಣೆಗೆ ಒಳ್ಳೆಯ ದರ ಸಿಕ್ಕಿತ್ತು. ಕೈಯಲ್ಲಿ ಹತ್ತು ಲಕ್ಷ ಇತ್ತು, ಇನ್ನು ಹತ್ತು ಲಕ್ಷ ಸಾಲ ಮಾಡುವ ಮನಸ್ಸಿತ್ತು. ಫರಾಳದ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ:

"ಮಾಮಾ, ಇಪ್ಪತ್ತ ಲಕ್ಷಕ್ಕ ಹೊಸಾ ಸ್ಕಾರ್ಪಿಯೋ ಬರತೈತಿ. ಅಷ್ಟ ರೊಕ್ಕಕ್ಕ ಐದ ವರ್ಷದ್ದ ಜರ್ಮನ್ ಗಾಡೀನೂ ಸಿಗತೈತಿ. ಹೊಸಾದಿದ್ದಾಗ ಅದರ ಬೆಲಿ ಅರವತ್ತ ಲಕ್ಷ. ಯಾವುದು ತಗೊಳ್ಳಲಿ?"

ಇದು ಅವನೊಬ್ಬನ ಪ್ರಶ್ನೆಯಲ್ಲ. ಅಥಣಿ, ಕಾಗವಾಡ, ಜತ್ತ, ಶಿರೋಳ ಭಾಗಗಳಲ್ಲಿ ಕಬ್ಬು, ದ್ರಾಕ್ಷಿ, ಅರಿಶಿನದ ದುಡ್ಡು ಕೈಗೆ ಬಂದ ಅನೇಕರು ಇದನ್ನೇ ಕೇಳುತ್ತಾರೆ. ಎಸ್‌ಯುವಿ, ಅಂದರೆ ಎತ್ತರದ ದೊಡ್ಡ ಗಾಡಿ ಬೇಕು ಎಂಬುದು ನಿಶ್ಚಯವಾಗಿರುತ್ತದೆ. ಹೊಸ ಸಾದಾ ಕಂಪನಿಯದೋ, ಹಳೆಯ ಬಿಎಮ್‌ಡಬ್ಲ್ಯು, ಆಡಿ, ಮರ್ಸಿಡೀಸ್‌ಗಳಂಥದೋ ಎಂಬಲ್ಲಿ ಮನಸ್ಸು ತೂಗಾಡುತ್ತದೆ.

ನಾನು ಅವನಿಗೆ ಮರುಪ್ರಶ್ನೆ ಹಾಕಿದೆ: "ಗಾಡಿಗೆ ಕೆಲಸ ಏನಪಾ?"

ಅವನಿಗೆ ಅರ್ಥವಾಯಿತು. 2024ರ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಅಕ್ಕನಿಗೆ ಎದೆನೋವು ಬಂತು. ಪಕ್ಕದ ಮನೆಯವರ ಬೊಲೆರೋದಲ್ಲಿ ಮಲಗಿಸಿಕೊಂಡು ಮಿರಜಕ್ಕೆ ತಂದರು. ಹೊತ್ತಿಗೆ ಮುಟ್ಟಿದ್ದರಿಂದ ಬದುಕಿದಳು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಮಿರಜದಲ್ಲಿ ಮಿಶನ್ ಆಸ್ಪತ್ರೆ ತೆರೆದಂದಿನಿಂದ ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ. ಆಗ ಚಕ್ಕಡಿಯಲ್ಲಿ ಬರುತ್ತಿದ್ದರು, ಈಗ ಕಾರಿನಲ್ಲಿ ಬರುತ್ತಾರೆ. ಗಡಿಭಾಗದ ಹಳ್ಳಿಯಲ್ಲಿ ಕಾರಿನ ಮೊದಲನೆಯ ಕೆಲಸ ಇದು. ಮದುವೆ, ಜಾತ್ರೆ, ಮಾರ್ಕೆಟ್ ಯಾರ್ಡ್ ಎಲ್ಲ ಆಮೇಲೆ.

ಈಗ ವಿಷಯಕ್ಕೆ ಬರೋಣ. ಅರವತ್ತು ಲಕ್ಷದ ಗಾಡಿ ಐದಾರು ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೆ ಏಕೆ ಇಳಿಯುತ್ತದೆ?

ಮೊದಲನೆಯ ಕಾರಣ, ಕೊಳ್ಳುವವರು ಕಡಿಮೆ. ಅಷ್ಟು ದುಡ್ಡು ಇದ್ದವರು ಹೊಸ ಮಾದರಿಯನ್ನೇ ಕೊಳ್ಳುತ್ತಾರೆ. ಎರಡನೆಯ ಕಾರಣ, ಕಂಪನಿಯ ವಾರಂಟಿ ಮುಗಿಯುತ್ತಿದ್ದಂತೆ ಮೊದಲ ಮಾಲೀಕರು ಕೈಬಿಡುತ್ತಾರೆ. ಮುಂದೆ ಬರುವ ಖರ್ಚು ಅವರಿಗೆ ಗೊತ್ತಿರುತ್ತದೆ. ಮೂರನೆಯದು ದಿಲ್ಲಿಯ ಕಾನೂನು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ಅಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಕೋರ್ಟು ಆ ಬಿಗಿಯನ್ನು ಸ್ವಲ್ಪ ಸಡಿಲಿಸಿದರೂ, ನಡುವಿನ ವರ್ಷಗಳಲ್ಲಿ ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ಅಗ್ಗಕ್ಕೆ ಬೇರೆ ರಾಜ್ಯಗಳಿಗೆ ಇಳಿದುಬಂದವು.

ಬೆಲೆ ಇಳಿದದ್ದು ನಿಜ. ಮೊದಲ ಮಾಲೀಕ ನಲವತ್ತು ಲಕ್ಷ ಕಳೆದುಕೊಂಡಿದ್ದಾನೆ, ಅದು ನಮಗೆ ಲಾಭವಲ್ಲವೇ ಎಂದು ಕೇಳಬಹುದು. ಇಲ್ಲೇ ಲೆಕ್ಕ ತಪ್ಪುತ್ತದೆ. ಇಳಿದದ್ದು ಗಾಡಿಯ ಬೆಲೆ ಮಾತ್ರ, ಅದರ ಖರ್ಚು ಇಳಿದಿಲ್ಲ. ಗಾಡಿ ಇಪ್ಪತ್ತು ಲಕ್ಷಕ್ಕೆ ಸಿಕ್ಕಿತೆಂದು ಅದರ ಹೆಡ್‌ಲೈಟು, ಬ್ರೇಕು, ಟೈರು ಮೂರನೆಯ ಒಂದು ಬೆಲೆಗೆ ಸಿಗುವುದಿಲ್ಲ. ಅವು ಇಂದಿಗೂ ಅರವತ್ತು ಲಕ್ಷದ ಗಾಡಿಯ ಭಾಗಗಳೇ. ಆನೆಯನ್ನು ಅಗ್ಗಕ್ಕೆ ಕೊಂಡರೂ ಅದು ತಿನ್ನುವುದು ಆನೆಯಷ್ಟೇ. ಇಷ್ಟು ತಿಳಿದರೆ ಅರ್ಧ ನಿರ್ಧಾರ ಆದಂತೆ.

ಭಾಗಗಳು ದುಬಾರಿಯಾಗುವುದು ಹೆಸರಿನಿಂದ ಮಾತ್ರ ಅಲ್ಲ. ಇಂಥ ಗಾಡಿಗಳು ನಮ್ಮ ದೇಶದಲ್ಲಿ ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುತ್ತವೆ. ಮರ್ಸಿಡೀಸ್ ಪುಣೆಯ ಚಾಕಣದಲ್ಲಿ, ಬಿಎಮ್‌ಡಬ್ಲ್ಯು ಚೆನ್ನೈ ಬಳಿ ಜೋಡಣೆಯಾದರೂ ಅನೇಕ ಭಾಗಗಳು ಹೊರದೇಶದಿಂದ ಬರುತ್ತವೆ. ಕೆಲವನ್ನು ಬಿಡಿಯಾಗಿ ಕೊಡದೆ ಇಡೀ ಜೋಡಣೆಯನ್ನೇ ಬದಲಿಸಬೇಕೆನ್ನುತ್ತಾರೆ. ಹೊಸ ಭಾಗ ಹಾಕಿದ ಮೇಲೆ ಕಂಪ್ಯೂಟರಿನಿಂದ ಅದನ್ನು ಗಾಡಿಗೆ ಪರಿಚಯ ಮಾಡಿಕೊಡಬೇಕು, ಇಲ್ಲವಾದರೆ ಗಾಡಿ ಒಪ್ಪುವುದಿಲ್ಲ. ನಮ್ಮ ಪೇಟೆಯ ಗ್ಯಾರೇಜಿನವರು ಕೈಗುಣದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಆ ಯಂತ್ರ ಎಲ್ಲರ ಬಳಿ ಇರುವುದಿಲ್ಲ.

ಇನ್ನೊಂದು ಸಂಗತಿ. "ಕಾಕಾ, ಗಾಡಿ ಬರೇ ನಲವತ್ತ ಸಾವಿರ ಓಡೇತಿ" ಎಂದು ದಲಾಲರು ಹೇಳುತ್ತಾರೆ. ಅದು ಸುಳ್ಳೇ ಇರಬೇಕೆಂದಿಲ್ಲ. ಆದರೆ ರಬ್ಬರು, ಪ್ಲಾಸ್ಟಿಕ್ಕು, ಸೀಲುಗಳಿಗೆ ಕಿಲೋಮೀಟರಿನ ಲೆಕ್ಕವಿಲ್ಲ, ವರ್ಷಗಳ ಲೆಕ್ಕ. ನಿಂತ ಗಾಡಿಯಲ್ಲೂ ಅವು ಬಿಸಿಲಿಗೆ ಒಣಗುತ್ತವೆ. ಕೂಲಂಟ್ ಪೈಪು ಸೋರುವುದು, ಗಾಳಿಯ ಸಸ್ಪೆನ್ಶನ್ ಇದ್ದರೆ ಅದು ಕುಸಿಯುವುದು, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ನಿಯಂತ್ರಣ ಕೆಡುವುದು ಸಾಮಾನ್ಯವಾಗಿ ವಾರಂಟಿ ಮುಗಿದ ಮೇಲೆಯೇ. ಟೈರಿನ ವಿಷಯವೂ ಹಾಗೇ. ಕೆಲವು ಬಿಎಮ್‌ಡಬ್ಲ್ಯು ಗಾಡಿಗಳಿಗೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು ಇರುತ್ತದೆ, ಪೂರ್ಣ ಅಳತೆಯ ಸ್ಟೆಪ್ನಿ ಇರುವುದಿಲ್ಲ. ಹೆದ್ದಾರಿಯಲ್ಲಿ ಅದು ಅನುಕೂಲ. ಜತ್ತದ ಪೂರ್ವಭಾಗದ ಕಲ್ಲುದಾರಿಯಲ್ಲಿ ಟೈರಿನ ಪಕ್ಕ ಸೀಳಿದರೆ, ಆ ಅಳತೆಯ ಟೈರು ಆ ರಾತ್ರಿ ಎಲ್ಲಿ ಸಿಗಬೇಕು?

ಇದನ್ನೆಲ್ಲ ಬಾಯಿಮಾತಿನಲ್ಲಿ ನಂಬಬೇಡಿರಿ. ಅಕ್ಕನ ಮಗನಿಗೆ ನಾನು ಒಂದು ಕಾಗದ ಕೊಟ್ಟು ನಡುವೆ ಗೆರೆ ಎಳೆಸಿದೆ. ಎರಡೂ ಗಾಡಿಗಳ ಆರು ವಸ್ತುಗಳ ಬೆಲೆ ಬರೆದುಕೊಂಡು ಬಾ ಎಂದೆ: ಒಂದು ಹೆಡ್‌ಲೈಟು, ಮುಂದಿನ ಗಾಜು, ನಾಲ್ಕು ಟೈರು, ಮುಂದಿನ ಬ್ರೇಕಿನ ಪ್ಯಾಡು ಮತ್ತು ಡಿಸ್ಕು, ಮುಂದಿನ ಎರಡು ಶಾಕ್‌ಅಬ್ಸಾರ್ಬರು, ಬ್ಯಾಟರಿ. ಇವೆಲ್ಲ ಒಂದಲ್ಲ ಒಂದು ದಿನ ಸವೆಯುವ ಅಥವಾ ಒಡೆಯುವ ವಸ್ತುಗಳೇ. ಅಧಿಕೃತ ಸರ್ವಿಸ್‌ನ ಬಿಡಿಭಾಗದ ಕೌಂಟರಿಗೆ ಫೋನು ಮಾಡಿದರೆ ಬೆಲೆ ಹೇಳುತ್ತಾರೆ. ಎರಡು ದಿನಕ್ಕೆ ಕಾಗದ ತುಂಬಿ ತಂದ. ಎಡಗಡೆಯ ಮೊತ್ತಕ್ಕಿಂತ ಬಲಗಡೆಯ ಮೊತ್ತ ಮೂರು ಪಟ್ಟಿಗೂ ಮಿಕ್ಕಿತ್ತು. ಕಾಗದ ನೋಡುತ್ತ ಸುಮ್ಮನೆ ಕೂತ. ನೀವೂ ಅಡ್ವಾನ್ಸ್ ಕೊಡುವ ಮುಂಚೆ ಹೀಗೊಂದು ಕಾಗದ ಮಾಡಿರಿ. ಅದೇ ಕಾಗದದ ಮೇಲೆ ಏಳನೆಯ ಸಾಲೂ ಬರೆಯಿರಿ: ನಮ್ಮ ಊರಿನಿಂದ ಅಧಿಕೃತ ಸರ್ವಿಸ್ ಎಷ್ಟು ದೂರ? ಸಾಂಗಲಿಯಿಂದ ಪುಣೆಗೇ ಸುಮಾರು 235 ಕಿಲೋಮೀಟರು, ಹಳ್ಳಿಯಿಂದ ಇನ್ನೂ ಹೆಚ್ಚು.

ನಮ್ಮ ಬೀಗರೊಬ್ಬರು 2022ರಲ್ಲಿ ಇಂಥದೇ ಒಂದು ಹಳೆಯ ಗಾಡಿ ತಂದರು. ಕಂಪನಿಯ ಹೆಸರಾಗಲಿ ಮಾರಿದವರ ಹೆಸರಾಗಲಿ ಬೇಡ. ಏಳು ತಿಂಗಳು ರಾಜನಂತೆ ಓಡಿತು. ಎಂಟನೆಯ ತಿಂಗಳಿಗೆ ಗೇರು ಬದಲಾಗದೆ ನಿಂತಿತು. ಟ್ರಕ್ಕಿನ ಮೇಲೆ ಹೇರಿ ಕಳಿಸಿದರು. ಒಂದು ಭಾಗ ಬರಲು ನಲವತ್ತು ದಿನ ಹಿಡಿಯಿತು. ಆ ನಲವತ್ತು ದಿನವೂ ಸಾಲದ ಕಂತು ತಪ್ಪಲಿಲ್ಲ. ಮಗಳ ಬಾಣಂತನಕ್ಕೆ ಬಾಡಿಗೆ ಗಾಡಿ ಮಾಡಿ ಓಡಾಡಿದರು. ಗಾಡಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದರ ಯೋಗ್ಯತೆಗೆ ತಕ್ಕ ಖರ್ಚಿನ ತಯಾರಿ ಬೀಗರಲ್ಲಿ ಇರಲಿಲ್ಲ.

ಈಗ ಸಾಲದ ಲೆಕ್ಕ. ಹೊಸ ಗಾಡಿಗೆ ಬ್ಯಾಂಕಿನವರು ಕಡಿಮೆ ಬಡ್ಡಿಗೆ ಕೊಡುತ್ತಾರೆ, ಹಳೆಯದಕ್ಕೆ ಹೆಚ್ಚು ಬಡ್ಡಿ. ಗಾಡಿ ಹಳೆಯದಾದಷ್ಟೂ ಬ್ಯಾಂಕಿಗೆ ಭದ್ರತೆ ಕಡಿಮೆ ಎಂಬುದೇ ಕಾರಣ. ದರಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಉದಾಹರಣೆಗೆ ಹೊಸದಕ್ಕೆ ಶೇಕಡಾ 9, ಹಳೆಯದಕ್ಕೆ ಶೇಕಡಾ 13 ಎಂದು ಹಿಡಿಯೋಣ. ಹತ್ತು ಲಕ್ಷಕ್ಕೆ ಐದು ವರ್ಷದ ಅವಧಿ. 9ರ ದರದಲ್ಲಿ ತಿಂಗಳ ಕಂತು ಸುಮಾರು 20,758 ರೂಪಾಯಿ, ಒಟ್ಟು ಬಡ್ಡಿ ಸುಮಾರು 2 ಲಕ್ಷ 45 ಸಾವಿರ. 13ರ ದರದಲ್ಲಿ ಕಂತು ಸುಮಾರು 22,753 ರೂಪಾಯಿ, ಒಟ್ಟು ಬಡ್ಡಿ ಸುಮಾರು 3 ಲಕ್ಷ 65 ಸಾವಿರ. ಬಡ್ಡಿಯಲ್ಲೇ ಒಂದು ಲಕ್ಷ 20 ಸಾವಿರದ ಅಂತರ. ಕಂತು ಎರಡೇ ಸಾವಿರ ಹೆಚ್ಚು ಎಂದು ಷೋರೂಮಿನವರು ಹೇಳಿದಾಗ ಅದನ್ನು ಅರವತ್ತರಿಂದ ಗುಣಿಸಿ ನೋಡಿರಿ.

ವಿಮೆಯಲ್ಲೂ ಭೇದವಿದೆ. ಥರ್ಡ್ ಪಾರ್ಟಿ ವಿಮೆ ಗಾಡಿಯ ಬೆಲೆ ನೋಡುವುದಿಲ್ಲ, ಇಂಜಿನ್ನಿನ ಗಾತ್ರ ನೋಡುತ್ತದೆ. ನಮ್ಮ ಗಾಡಿಯ ಹಾನಿಗೆ ಕೊಡುವ ವಿಮೆಯಲ್ಲಿ ಮಾತ್ರ ವಯಸ್ಸಿನ ಮಾತು ಬರುತ್ತದೆ. ವಿಮೆಯ ಕೋಷ್ಟಕದಲ್ಲಿ ಗಾಡಿಯ ಬೆಲೆ ಮೊದಲ ವರ್ಷದೊಳಗೇ ಶೇಕಡಾ 15, ಮೂರು ವರ್ಷಕ್ಕೆ 30, ಐದು ವರ್ಷಕ್ಕೆ 50ರಷ್ಟು ಕಳೆಯುತ್ತದೆ. ಅದಕ್ಕೂ ಹಳೆಯದಾದರೆ ಮಾತುಕತೆಯ ಬೆಲೆ. ಸಾದಾ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣ ಮಾತ್ರ ಕೊಡುತ್ತಾರೆ. ಪೂರ್ತಿ ಕೊಡುವ ಝೀರೋ ಡೆಪ್ರಿಸಿಯೇಶನ್ ಪಾಲಿಸಿ ಸಾಮಾನ್ಯವಾಗಿ ಐದು ವರ್ಷದೊಳಗಿನ ಗಾಡಿಗೆ ಸಿಗುತ್ತದೆ, ಮುಂದೆ ಎಲ್ಲರೂ ಕೊಡುವುದಿಲ್ಲ. ದುಬಾರಿ ಬಂಪರಿನ ಗಾಡಿಗೇ ಆ ರಕ್ಷಣೆ ತಪ್ಪುತ್ತದೆ ನೋಡಿರಿ.

ಹೊಸ ಗಾಡಿಯ ತೆರಿಗೆಯಲ್ಲಿ ಒಂದು ಬದಲಾವಣೆ ಆಗಿದೆ. ದೊಡ್ಡ ಎಸ್‌ಯುವಿಗಳಿಗೆ ಜಿಎಸ್‌ಟಿ ಮತ್ತು ಸೆಸ್ ಕೂಡಿ ಶೇಕಡಾ 50ರವರೆಗೆ ಇತ್ತು. 2025ರ ಸಪ್ಟೆಂಬರ್ 22ರಿಂದ ಸೆಸ್ ಹೋಗಿ ಶೇಕಡಾ 40 ಆಯಿತು. ನಾಲ್ಕು ಮೀಟರಿನೊಳಗಿನ ಸಣ್ಣ ಇಂಜಿನ್ನಿನ ಗಾಡಿಗಳಿಗೆ ಶೇಕಡಾ 18 ಆಯಿತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕು. ಹಳೆಯ ದರವನ್ನೇ ಹಿಡಿದು ಕೂತ ದಲಾಲರಿಗೆ ಈ ಮಾತು ನೆನಪಿಸಿರಿ. ಹಳೆಯ ಗಾಡಿಯ ವ್ಯಾಪಾರಿ 17 ಲಕ್ಷಕ್ಕೆ ಕೊಂಡು 20ಕ್ಕೆ ಮಾರಿದರೆ ನಡುವಿನ ಲಾಭದ ಮೇಲೆ ಮಾತ್ರ ಶೇಕಡಾ 18 ಜಿಎಸ್‌ಟಿ, ಇಡೀ 20 ಲಕ್ಷದ ಮೇಲೆ ಅಲ್ಲ. ಮನೆಯವರಿಂದ ಮನೆಯವರಿಗೆ ನೇರ ಮಾರಿದರೆ ಆ ತೆರಿಗೆಯೂ ಇಲ್ಲ.

ಇನ್ನು ನಮ್ಮ ಗಡಿಯ ವಿಶೇಷ ತೊಡಕು, ನಂಬರ್ ಪ್ಲೇಟು. ಸಾಂಗಲಿಗೆ ಎಮ್‌ಎಚ್-10, ಚಿಕ್ಕೋಡಿಗೆ ಕೆಎ-23. ತೋಟ ಆಚೆ, ಮನೆ ಈಚೆ ಇರುವ ನಮಗೆ ಎರಡೂ ಒಂದೇ ಅನಿಸುತ್ತದೆ, ಕಾನೂನಿಗೆ ಹಾಗಲ್ಲ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು, ಅದು 28ನೆಯ ಫಾರ್ಮು. ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಆ ತೆರಿಗೆಯೂ ಗಾಡಿಯ ಮೂಲ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಿ ಹಾಕುವಂಥದು. ಇಲ್ಲೂ ಅರವತ್ತು ಲಕ್ಷ ಎಂಬ ಅಂಕಿ ಬೆನ್ನು ಬಿಡುವುದಿಲ್ಲ. ಹೊಸದಾದರೆ ಮಹಾರಾಷ್ಟ್ರದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಪೆಟ್ರೋಲಿಗೆ ಶೇಕಡಾ 12, ಡೀಸೆಲಿಗೆ ಶೇಕಡಾ 14. ಕರ್ನಾಟಕದಲ್ಲಿ ಅದೇ ಬೆಲೆಯ ಗಾಡಿಗೆ ಶೇಕಡಾ 17, ಅದರ ಮೇಲೆ ಸೆಸ್.

ಕಾಗದ ನೋಡುವಾಗ ಅವಸರ ಬೇಡ. ಎಮ್‌ಪರಿವಾಹನ ಆ್ಯಪಿನಲ್ಲಿ ನಂಬರು ಹಾಕಿ ಎಷ್ಟು ವರ್ಷದ ಗಾಡಿ, ಎಷ್ಟನೆಯ ಮಾಲೀಕರು, ವಿಮೆ ಇದೆಯೇ, ದಂಡ ಬಾಕಿಯಿದೆಯೇ ನೋಡಿರಿ. ಸಾಲದ ನೋಂದಣಿ ಇದ್ದರೆ ಬ್ಯಾಂಕಿನ ಪತ್ರ ಮತ್ತು 35ನೆಯ ಫಾರ್ಮು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿರಿ. 29 ಮತ್ತು 30ನೆಯ ಫಾರ್ಮು ಮಾಲೀಕತ್ವ ಬದಲಿಸಲಿಕ್ಕೆ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ. ಮಾರುವವರಿಗೂ ಒಂದು ಎಚ್ಚರಿಕೆ: ಆರ್‌ಸಿಯಲ್ಲಿ ಹೆಸರು ಯಾರದಿದೆಯೋ ಅಪಘಾತದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಸಾಂಗಲಿ ಮಿರಜದವರಿಗೆ ಮಹಾಪೂರ ಹೊಸದಲ್ಲ. 2005, 2019, 2021. 2019ರ ಆಗಸ್ಟಿನಲ್ಲಿ ಐರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿ ದಾಟಿದ್ದಳು. ಅಂಗಡಿ, ಮನೆ, ನಿಲ್ಲಿಸಿದ ಕಾರು ಎಲ್ಲ ನೀರಿನಲ್ಲಿ. ನೀರಿನಲ್ಲಿ ನಿಂತ ಗಾಡಿಗಳನ್ನು ತೊಳೆದು ಒರೆಸಿ ದೂರದ ಊರಿನಲ್ಲಿ ಮಾರುವವರಿದ್ದಾರೆ, ದೂರದ ಊರಿನವನ್ನು ಇಲ್ಲಿ ಮಾರುವವರೂ ಇದ್ದಾರೆ. ಹಲವು ದೊಡ್ಡ ಗಾಡಿಗಳಲ್ಲಿ ವಿದ್ಯುತ್ ನಿಯಂತ್ರಣದ ಪೆಟ್ಟಿಗೆಗಳು ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ಇರುತ್ತವೆ. ಅಲ್ಲಿ ನೀರು ಹೊಕ್ಕರೆ ತುಕ್ಕು ಒಳಗೇ ಬೆಳೆದು ವರ್ಷದ ಮೇಲೆ ತೊಂದರೆ ಕೊಡುತ್ತದೆ. ಆದ್ದರಿಂದ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿರಿ. ಸೀಟಿನ ಬೋಲ್ಟಿಗೆ ತುಕ್ಕು ಇದೆಯೇ, ಸ್ಟೆಪ್ನಿಯ ಗುಂಡಿಯಲ್ಲಿ ಮಣ್ಣು ಇದೆಯೇ ನೋಡಿರಿ. ಒಳಗೆ ಸುಗಂಧದ ವಾಸನೆ ಅತಿಯಾಗಿದ್ದರೆ ಅದು ಯಾವ ವಾಸನೆ ಮುಚ್ಚಲಿಕ್ಕೆ ಎಂದು ಕೇಳಿರಿ. ಹೊಸದೇ ಇರಲಿ ಹಳೆಯದೇ ಇರಲಿ, ನೀರಿನಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಬೇಡಿರಿ. ಹಾಗೆ ಮಾಡಿ ಇಂಜಿನ್ ಕೆಟ್ಟರೆ ಸಾದಾ ಪಾಲಿಸಿಯಲ್ಲಿ ಹಣ ಬರುವುದು ಕಷ್ಟ. ಇಂಜಿನ್ ರಕ್ಷಣೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ಪೆಟ್ರೋಲಿನ ಮಾತೂ ಇದೆ. ನಮ್ಮ ಕಬ್ಬಿನಿಂದಲೂ ತಯಾರಾಗುವ ಇಥೆನಾಲ್ 2025ಕ್ಕೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಬೆರೆಯಿತು. ಕಬ್ಬು ಬೆಳೆಗಾರರಿಗೆ ಅದು ಒಳ್ಳೆಯದೇ. ಆದರೆ 2023ರ ಏಪ್ರಿಲ್‌ಗಿಂತ ಹಿಂದಿನ ಅನೇಕ ಗಾಡಿಗಳು ಆ ಪ್ರಮಾಣಕ್ಕೆಂದು ತಯಾರಾದವಲ್ಲ. ಹಳೆಯ ಪೆಟ್ರೋಲ್ ಗಾಡಿ ನೋಡುವವರು ಟ್ಯಾಂಕಿನ ಮುಚ್ಚಳದ ಬಳಿಯ ಚೀಟಿ ಮತ್ತು ಕಂಪನಿಯ ಪುಸ್ತಕ ಓದಿರಿ.

ಹಾಗಾದರೆ ಹಳೆಯ ದೊಡ್ಡ ಗಾಡಿ ಯಾರೂ ಕೊಳ್ಳಬಾರದೇ? ಹಾಗಲ್ಲ. ಅಕ್ಕನ ಮಗ ಅದನ್ನು ಓಡಿಸಿ ನೋಡಿ ಬಂದು ಹೇಳಿದ: "ಮಾಮಾ, ಬಾಗಲಾ ಹಾಕಿದರ ಹೊರಗಿನ ಸದ್ದಽ ಇಲ್ಲ. ಒಮ್ಮೆರೆ ಇಂಥಾದ್ರಾಗ ಕುಂಡ್ರಬೇಕು ಅನಸ್ತೈತಿ." ಅದು ತಪ್ಪು ಆಸೆಯಲ್ಲ. ಬಿಸಿಲಲ್ಲಿ ದುಡಿದವನಿಗೆ ತಂಪಾದ ಸೀಟು ಬೇಕೆನಿಸಿದರೆ ನಗುವವರು ಯಾರು? ಮನೆಯಲ್ಲಿ ನಂಬಿಕೆಯ ಇನ್ನೊಂದು ಗಾಡಿ ಇದ್ದು, ಊರೊಳಗೇ ಓಡಾಟವಿದ್ದು, ಸರ್ವಿಸ್ ಹತ್ತಿರವಿದ್ದರೆ ಕೊಳ್ಳಬಹುದು. ಬಿಎಮ್‌ಡಬ್ಲ್ಯು, ಆಡಿ, ಮರ್ಸಿಡೀಸ್ ಕಂಪನಿಗಳು ತಾವೇ ತಪಾಸಣೆ ಮಾಡಿ ವಾರಂಟಿ ಕೊಟ್ಟು ಹಳೆಯ ಗಾಡಿ ಮಾರುತ್ತವೆ. ಬೆಲೆ ಹೆಚ್ಚಾದರೂ ಅಲ್ಲಿಂದ ಕೊಳ್ಳುವುದು ಮೇಲು. ನನ್ನದೊಂದು ಗುಮಾಸ್ತನ ಲೆಕ್ಕವಿದೆ: ಗಾಡಿ ಹೊಸದಿದ್ದಾಗಿನ ಬೆಲೆಯ ಹತ್ತನೆಯ ಒಂದು ಭಾಗವನ್ನು ಮೊದಲು ಠೇವಣಿ ಇಡಿರಿ. ಅರವತ್ತು ಲಕ್ಷದ ಗಾಡಿಗೆ ಆರು ಲಕ್ಷ. ಗಾಡಿಯ ಹಣ ಕೊಟ್ಟ ಮೇಲೂ ಆ ಠೇವಣಿ ಮುಟ್ಟದೆ ಉಳಿಯುವುದಾದರೆ ಧಾರಾಳವಾಗಿ ಕೊಳ್ಳಿರಿ. ಉಳಿಯದಿದ್ದರೆ ಆ ಗಾಡಿ ನಮ್ಮ ತೂಕದ್ದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ ನಾವು. ಮರಾಠಿಯಲ್ಲೂ ಅದೇ ಮಾತು: ಅಂಥರೂಣ ಪಾಹೂನ ಪಾಯ ಪಸರಾವೇ.

ಸುರಕ್ಷತೆಗಾಗಿ ದೊಡ್ಡ ಹೆಸರೇ ಬೇಕೆಂಬ ಕಾಲವೂ ಹೋಯಿತು. 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸ್ಕಾರ್ಪಿಯೋ-ಎನ್, 2023ರಲ್ಲಿ ಆರಂಭವಾದ ನಮ್ಮದೇ ಭಾರತ್ ಎನ್‌ಕ್ಯಾಪ್‌ನಲ್ಲಿ ಟಾಟಾ ಹ್ಯಾರಿಯರ್ ಮತ್ತು ಸಫಾರಿ ಐದು ನಕ್ಷತ್ರ ಪಡೆದಿವೆ. ಮೂರನೆಯ ದಾರಿಯೂ ಇದೆ: ಎರಡು ಮೂರು ವರ್ಷ ಓಡಿದ ಸಾದಾ ಕಂಪನಿಯ ಗಾಡಿ, ಅದೂ ಪರಿಚಯದವರದು. ಮೊದಲ ಇಳಿತ ಅವರ ಪಾಲಿಗೆ ಹೋಗಿರುತ್ತದೆ, ಭಾಗಗಳು ಪೇಟೆಯಲ್ಲೇ ಸಿಗುತ್ತವೆ.

ಅಕ್ಕನ ಮಗ ಕೊನೆಗೆ ಹೊಸದನ್ನೇ ತಂದ. ಮೇಲಿನ ಮಾದರಿ ಬಿಟ್ಟು ಕೆಳಗಿನದು ಆರಿಸಿ ಸಾಲವನ್ನು ಏಳು ಲಕ್ಷಕ್ಕೆ ಇಳಿಸಿದ. ಆ ಜರ್ಮನ್ ಗಾಡಿಯ ನೆನಪು ಇನ್ನೂ ಹೋಗಿಲ್ಲ, ರಸ್ತೆಯಲ್ಲಿ ಕಂಡರೆ ತಿರುಗಿ ನೋಡುತ್ತಾನೆ. ಮೊನ್ನೆ ತಪಾಸಣೆಗೆಂದು ಅಕ್ಕನನ್ನು ಅದರಲ್ಲೇ ಮಿರಜಕ್ಕೆ ಕರೆತಂದಿದ್ದ. ಇಳಿಯುವಾಗ ಅವಳು ನನ್ನ ಕೈ ಹಿಡಿದು, "ತಮ್ಮಾ, ಲೆಕ್ಕಾ ಎಲ್ಲಾ ಮಾಡಿದಿ, ಇದಕ್ಕ ಏರಾಕ ಒಂದ ಮಣಿ ಬೇಕಂತ ಯಾಕ ಹೇಳಲಿಲ್ಲ?" ಎಂದಳು. ನಿಜ, ಅದು ನನ್ನ ಕಾಗದದಲ್ಲಿ ಇರಲಿಲ್ಲ. ನೀವು ಗಾಡಿ ನೋಡಲು ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ ಒಮ್ಮೆ ಹತ್ತಿಸಿ ಇಳಿಸಿ ನೋಡಿರಿ.